ಈರಪ್ಪನ ಇಂಗ್ಲಿಷು

ಮ್ಯಾಟ್ರಿಕ್‌ನಲ್ಲಿ ಡುಮ್ಕಿ ಹೊಡೆದ ಈರಪ್ಪನ ತಲೆಯಲ್ಲಿ ಉಳಿದದ್ದು ಒಂದೇ ಒಂದು ಇಂಗ್ಲಿಷ್ ಮಾತು: ಕ್ಯಾಸಲ್ಸ್ ಇನ್ ದಿ ಏರ್. ಆಗದ್ದು ಹೋಗದ್ದು ಏನೇ ಕಿವಿಗೆ ಬಿದ್ದರೂ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ ಅದನ್ನು ಒಗೆಯುತ್ತಿದ್ದ. ಇಳಕಲ್ಲಿನ ಆ ಓಣಿಯವರು ಅವನನ್ನು ಭಾಳ ಶಾಣ್ಯಾ ಅಂದುಕೊಂಡರು. ಶಾಣ್ಯಾತನದ ಏಟೆಲ್ಲ ಬಿದ್ದದ್ದು ಹೆಂಡತಿ ಸಾವಿತ್ರೆವ್ವನ ಮೇಲೆ.

ಗುಳೇದಗುಡ್ಡದ ತವರಿನಲ್ಲಿ ಅವಳು ಅಪ್ಪನಿಗೆ ಸರಿಸಮನಾಗಿ ಕೂತು ರವಿಕೆಯ ಖಣ ನೇಯ್ದವಳು. ಎಪ್ಪತ್ತೊಂದನೆಯ ಇಸವಿಯಲ್ಲಿ ಮದುವೆಯಾಗಿ ಬಂದ ಮೇಲೆ ಅವಳ ಪಾಲಿಗೆ ಉಳಿದದ್ದು ಕೊಂಡಿ ಹಾಕುವ ಕೆಲಸ. ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಹೆಂಗಸರು ಕೂಡಿಸಿಟ್ಟು ಏಳಬೇಕು, ಗಂಡಸು ಬಂದು ನೇಯಬೇಕು. ಅದು ಆ ಮನೆಯ ಪದ್ಧತಿ.

"ಪಡಸಾಲ್ಯಾಗ ಜಾಗಾ ಐತಿ. ನನಗೂ ಒಂದ ಮಗ್ಗ ಹಾಕಸ್ರಿ," ಎಂದಳು ಒಮ್ಮೆ.

"ಕ್ಯಾಸಲ್ಸ್ ಇನ್ ದಿ ಏರ್!"

"ಹಂಗಂದ್ರ ಏನ್ರಿ?"

"ಆಗೂದಲ್ಲ ಹೋಗೂದಲ್ಲ ಅಂತ. ನೀ ಕೊಂಡಿ ಹಾಕ."

ಎಂಬತ್ತರಲ್ಲಿ ಈರಪ್ಪ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ. ಅರ್ಧ ನೇಯ್ದ ಸೀರೆ ಮಗ್ಗದಲ್ಲೇ ನಿಂತಿತು. ಸಾವಿತ್ರೆವ್ವ ಯಾರನ್ನೂ ಕೇಳದೆ ಕುಣಿಗೆ ಇಳಿದಳು. ಅವನ ಕಾಲು ಕೂಡುವವರೆಗೂ ಮನೆ ನಡೆದದ್ದು ಅವಳ ಲಾಳಿಯಿಂದ. ಮಂಚದ ಮೇಲಿದ್ದವನು ಉಂಡ, ಮಲಗಿದ. ಸೀರೆ ಒಯ್ಯಲು ಬಂದ ಸಾವಕಾರ ನೇಯ್ಗೆಯನ್ನು ಹೊಗಳಿದಾಗ, "ಎಲ್ಲಾ ನಾ ಹೇಳಿಕೊಟ್ಟಂಗ ನೇದಾಳ್ರಿ," ಎಂದ. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದಿರಲಿಲ್ಲ. ಓಡಾಡುವಂತಾದ ದಿನವೇ ಮಗ್ಗ ಹಿಡಿದು ಕೂತ. ಅವಳಿಗೆ ಮತ್ತೆ ಅದೇ ಕೊಂಡಿ.

ಎಂಬತ್ತೆಂಟರಲ್ಲಿ ಮಗಳು ಗುರುಲಿಂಗವ್ವ ಎಸ್ಸೆಸ್ಸೆಲ್ಸಿ ಪಾಸಾದಳು. ಕೊಂಡಿ ಹಾಕುತ್ತಿದ್ದ ತಾಯಿಯ ಬಳಿ ಓಡಿ ಬಂದಳು.

"ಅವ್ವಾ, ನಾ ಬಾಗಲಕೋಟಿಗೆ ಹೋಗಿ ಸಾಲಿ ಮಾಸ್ತರಿಕಿ ಕಲೀತೇನಿ. ನೌಕರಿ ಹತ್ತಿದ ಕೂಡ್ಲೆ ನಿನಗ ನಿಂದ ಒಂದ ಮಗ್ಗ ಹಾಕಸ್ತೇನಿ."

"ಕ್ಯಾಸಲ್ಸ್ ಇನ್ ದಿ ಏರ್," ಎಂದಳು ಸಾವಿತ್ರೆವ್ವ.

ಅಂದ ಮೇಲೆಯೇ ತಾನು ಏನಂದೆ ಎಂಬುದು ಅವಳಿಗೆ ತಿಳಿದದ್ದು. ಇಷ್ಟು ವರ್ಷ ಕಿವಿಗೆ ಬಿದ್ದದ್ದು ಯಾವಾಗ ನಾಲಿಗೆಗೆ ಇಳಿದಿತ್ತೋ!

ಕುಣಿಯಲ್ಲಿದ್ದ ಈರಪ್ಪ ತೊಡೆ ತಟ್ಟಿ ನಕ್ಕ. "ಶಾಬಾಸ್! ಈಗ ಬರೋಬ್ಬರಿ ಮಾತಾಡಿದಿ ನೋಡು." ಅವನ ಬಾಯಿಂದ ಅವಳಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಗುರುಲಿಂಗವ್ವ ಅದರ ಅರ್ಥ ಕೇಳಲಿಲ್ಲ. ತಾಯಿಯ ಪಕ್ಕದಲ್ಲಿ ಕೂತು ಎಳೆ ಕೂಡಿಸತೊಡಗಿದಳು.