ಅಕ್ಕೋರು ಹೇಳಿದ ಧಾರಾವಾಹಿ

ಎಡಗಿವಿ ಟಿವಿಯ ಕಡೆ, ಬಾಯಿ ನಮ್ಮ ಕಡೆ. ಅಕ್ಕೋರು ಕೂರುತ್ತಿದ್ದ ಭಂಗಿಯೇ ಅದು. ಟಿವಿಯ ಬಾಜು ಒಂದು ಕಟ್ಟಿಗೆ ಸ್ಟೂಲು ಹಾಕಿಕೊಂಡು, ತೆರೆಗೆ ಅಡ್ಡವಾಗದಂತೆ ಮೈ ಒತ್ತಟ್ಟಿಗೆ ಸರಿಸಿ, ಕುತ್ತಿಗೆಯನ್ನು ಅರ್ಧ ಹೊರಳಿಸಿಕೊಂಡು ಕೂರುವರು. ವರ್ಷಗಟ್ಟಲೆ ಹಾಗೆ ಕೂತು ಅವರ ಕುತ್ತಿಗೆ ಒಂದು ಕಡೆಗೆ ವಾಲಿಯೇ ಹೋಗಿತ್ತು. ಸಂತೆಯಲ್ಲಿ ಮೆಣಸಿನಕಾಯಿ ಆರಿಸುವಾಗಲೂ, ಹಿಂದೆ ಯಾರೋ ಏನೋ ಹೇಳುತ್ತಿದ್ದಾರೆ, ಇವರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವ ಹಾಗೆ ಕಾಣುವರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ನವಲಗುಂದದ ನಮ್ಮ ಓಣಿಯ ಈ ಅಕ್ಕೋರು ಹಿಂದಿ ಕಲಿಸಿ ನಿವೃತ್ತರಾದವರು. ಒಬ್ಬರೇ ಇದ್ದರು. ಗಂಡನ ಮಾತು, ತವರಿನ ಮಾತು ಅವರ ಮುಂದೆ ಯಾರೂ ಎತ್ತುವಂತಿರಲಿಲ್ಲ. ಆ ಕಾಲಕ್ಕೆ ಹಿಂದಿ ಧಾರಾವಾಹಿಗಳಿಗೆ ಕನ್ನಡದ ಧ್ವನಿ ಕೊಟ್ಟು ತೋರಿಸುವ ರೂಢಿ ಇರಲಿಲ್ಲ. ನಮ್ಮ ಓಣಿಯ ಹೆಂಗಸರಿಗೋ ಅದರೊಳಗಿನ ಸೀರೆ, ಒಡವೆ, ಅತ್ತೆ ಸೊಸೆಯರ ಜಗಳ ನೋಡಲೇಬೇಕು, ಭಾಷೆ ಮಾತ್ರ ಬಾರದು. ಹೀಗಾಗಿ ದಿನಾ ಸಂಜೆ ಏಳಕ್ಕೆ ಹದಿನೈದಿಪ್ಪತ್ತು ಜನ ಹೊಲದಿಂದ ಬಂದು, ಮುಖ ತೊಳೆದು, ಅಕ್ಕೋರ ಪಡಸಾಲೆಯಲ್ಲಿ ಕೂರುತ್ತಿದ್ದರು. ಅಕ್ಕೋರು ಒಂದು ಕಿವಿಯಿಂದ ಹಿಂದಿ ಕೇಳಿ ಕನ್ನಡದಲ್ಲಿ ಹೇಳುತ್ತಾ ಹೋಗುವರು.

ನಿವೃತ್ತರಾದರೇನು, ಮಾಸ್ತರಿಕೆ ಬಿಟ್ಟಿರಲಿಲ್ಲ. ಟಿವಿ ಹಚ್ಚುವ ಮೊದಲು ಪ್ರಶ್ನೆ ಕೇಳುವರು. "ನಿನ್ನಿ ಎಲ್ಲಿಗೆ ನಿಂತಿತ್ತು? ಯಲ್ಲವ್ವಾ, ಎದ್ದ ನಿಂತ ಹೇಳು." ಎದುರುಮನೆಯ ಯಲ್ಲವ್ವ ಮೊಮ್ಮಕ್ಕಳನ್ನು ಕಂಡವಳು. ಸೆರಗು ಸರಿಮಾಡಿಕೊಂಡು ಎದ್ದು ನಿಂತು ಹೇಳಬೇಕು. ತಪ್ಪಿದರೆ ನಿಂತೇ ನೋಡಬೇಕು. ತೆರೆಯ ಮೇಲೆ ಯಾರಾದರೂ ಕಣ್ಣೀರು ಹಾಕಿದರೆ ಸಾಕು, ಪಡಸಾಲೆಯಲ್ಲೂ ಮೂಗೊರೆಸುವ ಸದ್ದು ಶುರುವಾಗುತ್ತಿತ್ತು. ಅಕ್ಕೋರು ಗದರುವರು. "ನಾ ಹೇಳೂತನಾ ಯಾರೂ ಅಳಬ್ಯಾಡ್ರಿ. ಅಕಿ ಖುಷಿಗೆ ಅಳಾಕತ್ತಾಳೋ ದುಃಖಕ್ಕೋ ನಿಮಗೇನ ಗೊತ್ತು?"

ಹಿಂದಿ ತಿಳಿಯುತ್ತಿದ್ದದ್ದು ಜಮಖಾನ ನೇಯುವ ಚಾಚಿ ಒಬ್ಬಳಿಗೇ. ಮನೆಯಲ್ಲಿ ಉರ್ದು ಮಾತಾಡುವವಳು. ಗೋಡೆಗೆ ಆನಿಕೊಂಡು ಕೂತು, ಯಾರೂ ನಗದ ಕಡೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳಿಗೆ ತಲೆ ಸ್ವಲ್ಪ ಸಡಿಲ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು.

ಆಗ ನಾವು ನೋಡುತ್ತಿದ್ದ ಧಾರಾವಾಹಿಯಲ್ಲಿ ಒಬ್ಬ ಕಿರಿಮಗಳಿದ್ದಳು. ನಾನು ಹತ್ತನೆಯ ತರಗತಿ ಮುಗಿಸಿದ ವರ್ಷ ಅವಳದೂ ನನ್ನದೇ ವಯಸ್ಸು. ಅವಳಿಗೆ ಗಂಡು ನೋಡಿದ ವಾರವೇ ನನಗೂ ಮೊರಬದಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಸ್ವಂತ ಟ್ರ್ಯಾಕ್ಟರ್ ಇತ್ತು. ನಮ್ಮದು ಅಪ್ಪ ಇಲ್ಲದ ಮನೆ. ಹತ್ತಿ ಬಿಡಿಸಲು ಹೋಗುವ ನನ್ನವ್ವನಿಗೆ ಆ ಟ್ರ್ಯಾಕ್ಟರೇ ದೇವರಾಗಿ ಕಂಡಿದ್ದರೆ ತಪ್ಪೇನಿಲ್ಲ. ನಾನು ಎರಡು ದಿನ ಊಟ ಬಿಟ್ಟೆ. ಅದು ಅಕ್ಕೋರ ಕಿವಿಗೂ ಬಿತ್ತು. ಓಣಿಯಲ್ಲಿ ಯಾವುದು ಗುಟ್ಟಾಗಿ ಉಳಿಯುತ್ತದೆ ಹೇಳಿ?

ಧಾರಾವಾಹಿಯಲ್ಲಿ ಮದುವೆಯ ಹಂದರ ಏಳುವ ಹೊತ್ತಿಗೆ ಸರಿಯಾಗಿ ಅಕ್ಕೋರ ಮನೆಯ ಕೇಬಲ್ ಕೆಟ್ಟಿತು. ನಾಲ್ಕು ದಿನ ಕೆಟ್ಟೇ ಇತ್ತು. ಐದನೆಯ ದಿನ ಅಕ್ಕೋರು ಎಲ್ಲರನ್ನೂ ಕೂರಿಸಿ, ತಾವು ಗೆಳತಿಯ ಮನೆಯಲ್ಲಿ ನೋಡಿಬಂದದ್ದಾಗಿ ಕಥೆ ಹೇಳಿದರು. "ಹುಡಗಿ ಹಂದರದಾಗಿಂದ ಎದ್ದ ನಿಂತ್ಲು. ನಾ ಓದ್ತೀನಿ, ನೌಕರಿ ಮಾಡ್ತೀನಿ, ಆಮ್ಯಾಲೆ ಲಗ್ನದ ಮಾತು ಅಂದ್ಲು. ಅವರವ್ವ ಮದಲ ಸಿಟ್ಟಿಗೆದ್ಲು. ಆಮ್ಯಾಲೆ ಮಗಳನ್ನ ತೆಕ್ಕಿಗೆ ತಗೊಂಡ್ಲು." ಯಲ್ಲವ್ವ ಚಪ್ಪಾಳೆ ತಟ್ಟಿದಳು. ಅವ್ವ ತಟ್ಟಲಿಲ್ಲ, ನನ್ನ ಕಡೆ ನೋಡಿದಳು.

ಕೇಬಲ್ ಮತ್ತೆ ಬಂದಾಗ ಆ ಹುಡುಗಿ ಒಂದು ದೊಡ್ಡ ಬಂಗಲೆಯಲ್ಲಿದ್ದಳು. ಅದು ಹಾಸ್ಟೆಲ್ ಅಂದರು ಅಕ್ಕೋರು. ಸದಾ ಬಯ್ಯುವ ದಪ್ಪ ಹೆಂಗಸು ವಾರ್ಡನ್. ಕೋಟು ಹಾಕಿದ ಹುಡುಗ ಗಣಿತದ ಮಾಸ್ತರ.

"ಮಾಸ್ತರ ಅಕಿ ಕೈ ಯಾಕ ಹಿಡದಾನ್ರಿ ಅಕ್ಕೋರ?" ಯಲ್ಲವ್ವ ಕೇಳಿದಳು.

"ಪಾಸಾಗ್ಯಾಳಲ್ಲ ಬೇ, ಶಾಬಾಸ್ ಅನ್ನಾಕತ್ತಾನ."

ಬೈತಲೆಯ ಕುಂಕುಮದ ಬಗ್ಗೆ ಕೇಳಿದಾಗ, ಉತ್ತರದ ಕಡೆ ಹಾಸ್ಟೆಲಿನ ಹುಡುಗಿಯರೆಲ್ಲ ಹಾಗೇ ಹಚ್ಚಿಕೊಳ್ಳುತ್ತಾರೆ ಅಂದುಬಿಟ್ಟರು. ಹಿಂದಿ ಧಾರಾವಾಹಿಯ ಮನೆಗಳೂ ಹಾಗೇ ಇರುತ್ತಿದ್ದವಲ್ಲ, ಹಾಸ್ಟೆಲ್ ಅಂದರೂ ನಡೆಯುತ್ತಿತ್ತು, ಕಲೆಕ್ಟರ್ ಕಚೇರಿ ಅಂದರೂ ನಡೆಯುತ್ತಿತ್ತು. ನಾನೂ ನಂಬಿದ್ದೆ. ಹಿಂದಿಯಲ್ಲಿ ನನಗೆ ಬಂದದ್ದು ಮೂವತ್ತೈದು, ಅದೂ ಅಕ್ಕೋರ ಮನೆಪಾಠದ ಪುಣ್ಯ.

ಆ ವಾರ ಹತ್ತಿ ಬಿಡಿಸಲು ಹೋಗುವ ದಾರಿಯಲ್ಲಿ ಅವ್ವ ಯಲ್ಲವ್ವನಿಗೆ ಹೇಳಿದಳಂತೆ. "ಅಷ್ಟ ದೊಡ್ಡ ಮನಿಯಾವ್ರ ಮಗಳನ್ನ ಓದಸಾಕತ್ತಾರ. ನಮ್ಮದೂ ಎರಡ ವರ್ಷ ಓದಲಿ ತಗಿ." ಮೊರಬದವರು ಎರಡು ವರ್ಷ ಕಾಯುವವರಲ್ಲ, ಬೇರೆ ಕಡೆ ನೋಡಿಕೊಂಡರು. ನಾನು ಪಿಯುಸಿ ಪಾಸಾದೆ. ಆಮೇಲೆ ಬಸ್ ಕಂಡಕ್ಟರ್ ಆದೆ. ನೌಕರಿ ಸಿಕ್ಕಿತು, ಗಂಡು ಸಿಗಲಿಲ್ಲ. ಬಸ್ಸಿನಲ್ಲಿ ಗಂಡಸರ ನಡುವೆ ನೂಕಾಡಿಕೊಂಡು ನಿಲ್ಲುವವಳು ಬೇಡ ಅಂದರು ಕೆಲವರು. ಕೆಲವರಿಗೆ ಸಂಬಳ ಬೇಕಿತ್ತು, ನಾನು ಬೇಕಿರಲಿಲ್ಲ. ನನಗದರ ಚಿಂತೆ ಅಷ್ಟಿಲ್ಲ. ಅವ್ವನಿಗಿತ್ತು, ಇದೆ.

ಇಷ್ಟರಲ್ಲಿ ಕಾಲ ಬದಲಾಯಿತು. ಕೊರೊನಾದ ಬಂದ್ ಹೊತ್ತಿಗೆ ಓಣಿಯ ಮನೆಮನೆಗೂ ದೊಡ್ಡ ಫೋನು ಬಂದಿತ್ತು. ರೀಚಾರ್ಜ್ ಮಾಡಿಸಿದರೆ ಸಿನಿಮಾ, ಧಾರಾವಾಹಿ ಪುಕ್ಕಟೆ. ಹೆಂಗಸರು ಒಬ್ಬೊಬ್ಬರಾಗಿ ಪಡಸಾಲೆ ಬಿಟ್ಟು, ತಮ್ಮ ತಮ್ಮ ಹೊಸ್ತಿಲಲ್ಲಿ ಅಂಗೈಯಗಲದ ಚಿತ್ರ ನೋಡುತ್ತಾ ಕೂತರು. ಅಕ್ಕೋರ ಬಳಿ ಉಳಿದವರು ಐದಾರು ಜನ. ಅವರ ಗಂಟಲೂ ಕೆಟ್ಟಿತ್ತು, ಎರಡು ಮಾತಿಗೊಮ್ಮೆ ಕೆಮ್ಮುವರು.

ಡಿಪೋದಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದ ಒಂದು ಮಧ್ಯಾಹ್ನ ನನ್ನ ಫೋನಿನ ಒಂದು ಆ್ಯಪಿನಲ್ಲಿ ಆ ಹಳೆಯ ಧಾರಾವಾಹಿ ಕಣ್ಣಿಗೆ ಬಿತ್ತು. ಮೊದಲ ಕಂತಿನಿಂದ ಕೊನೆಯವರೆಗೆ ಇಡಿಯಾಗಿ ಇತ್ತು, ಮೇಲಾಗಿ ಕನ್ನಡದಲ್ಲಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಕೊನೆಯದನ್ನು ತೆಗೆದು ನೋಡುವ ಬುದ್ಧಿಯೂ ಬರಲಿಲ್ಲ. ಅಕ್ಕೋರಿಗೆ ಉಡುಗೊರೆ ಕೊಡಬೇಕೆಂದು ಎಷ್ಟೋ ವರ್ಷದಿಂದ ಇತ್ತು. ಫೋನಿನಲ್ಲಿ ಬರುವುದು ಟಿವಿಯಲ್ಲೂ ಬರುವಂತೆ ಅವರ ಟಿವಿಗೆ ಸಿಕ್ಕಿಸುವ ಕಡ್ಡಿ ತಂದೆ, ಇಡೀ ವರ್ಷದ ಚಂದಾ ಕಟ್ಟಿದೆ, ಓಣಿಯವರನ್ನೆಲ್ಲ ಕರೆದೆ. ಇನ್ನು ನೀವು ಬಾಯಿ ನೋಯಿಸಿಕೊಳ್ಳಬೇಕಿಲ್ಲ, ಎಲ್ಲರ ಜೊತೆ ಕೂತು ನೋಡಿರಿ ಅಂದೆ.

ಅಕ್ಕೋರ ಮುಖ ಸಣ್ಣದಾಯಿತು. "ಹಿಂದಿಯೊಳಗ ಹಚ್ಚು ತಂಗಿ. ಕನ್ನಡದ ಧ್ವನಿ ಚಂದ ಇರೂದಿಲ್ಲ" ಅಂದರು. ಹೆಂಗಸರು ಕೇಳಬೇಕಲ್ಲ! ಕನ್ನಡವೇ ಬೇಕು ಅಂದರು. ನಾನು ಕನ್ನಡ ಒತ್ತಿದೆ. ಅವತ್ತು ಅಕ್ಕೋರ ಕಣ್ಣಲ್ಲಿದ್ದದ್ದು ಹೆದರಿಕೆ ಅಂತ ಈಗ ಗೊತ್ತಾಗುತ್ತದೆ. ಅವತ್ತು ಮುಪ್ಪಿನ ಹಟ ಅಂದುಕೊಂಡೆ.

ಒಂದು ತಿಂಗಳು ಪಡಸಾಲೆ ತುಂಬಿತ್ತು. ಅಲ್ಲಲ್ಲಿ ಕಥೆ ಹೊಂದುತ್ತಿರಲಿಲ್ಲ. ಆಗೆಲ್ಲ ಹೆಂಗಸರು ಟಿವಿಯನ್ನೇ ಬಯ್ಯುತ್ತಿದ್ದರು. "ಈ ಕನ್ನಡದಾವ್ರು ತಪ್ಪ ಹೇಳಾಕತ್ತಾರ ನೋಡ್ರಿ. ಅಕ್ಕೋರ ಬರೋಬ್ಬರಿ ಹೇಳಿದ್ರು" ಅನ್ನುವಳು ಯಲ್ಲವ್ವ. ಅಕ್ಕೋರು ಸ್ಟೂಲು ಬಿಟ್ಟು ಎಲ್ಲರ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದರು.

ಹಂದರದ ಕಂತು ಬಂದ ದಿನ ನನಗೆ ರಜೆ. ನಾನೂ ಇದ್ದೆ. ಹುಡುಗಿ ಹಂದರದಿಂದ ಏಳಲಿಲ್ಲ. ತಲೆ ತಗ್ಗಿಸಿ ಮಾಲೆ ಹಾಕಿದಳು. ಹಾಸ್ಟೆಲ್ ಅನ್ನುವುದು ಗಂಡನ ಮನೆಯಾಗಿತ್ತು, ವಾರ್ಡನ್ ಅತ್ತೆಯಾಗಿದ್ದಳು, ಗಣಿತದ ಮಾಸ್ತರ ಗಂಡ. ಮುಂದಿನ ಕಂತು, ಅದರ ಮುಂದಿನ ಕಂತು ತಾನಾಗಿ ಬರುತ್ತಲೇ ಹೋಯಿತು. ಯಾರಿಗೂ ನಿಲ್ಲಿಸಲು ಕೈ ಬರಲಿಲ್ಲ. ಕೊನೆಗೆ ಆ ಹುಡುಗಿ ಕೂಸನ್ನು ಎತ್ತಿಕೊಂಡು ತವರಿಗೆ ಬಂದು, "ಅಮ್ಮಾ, ಅವತ್ತು ನೀನು ಮಾಡಿದ್ದೇ ಸರಿ" ಅಂದಳು.

ಅವ್ವ ಎದ್ದು ನಿಂತಳು. "ಅಕ್ಕೋರ, ಇದೇನ್ರಿ?"

ಅಕ್ಕೋರು ಸುಳ್ಳು ಹೇಳಲಿಲ್ಲ. "ಅವರ ಹಂಗ ಮಾಡಿದ್ರವ್ವ. ನಾ ಹಿಂಗ ಹೇಳಿದ್ನಿ."

"ನಾ ನಿಮ್ಮ ಮಾತ ನಂಬಿ ಮಗಳ ಲಗ್ನ ಬಿಟ್ನಲ್ರಿ! ಮೂವತ್ತೈದ ದಾಟಿ ಕುಂತಾಳ ಮನ್ಯಾಗ. ಓದಾಕ ಬರೂದಿಲ್ಲಂತ ನಮ್ಮನ್ನ ಆಟ ಆಡಸಿದ್ರೇನ?"

ಗೋಡೆಗೆ ಆನಿಕೊಂಡಿದ್ದ ಚಾಚಿ ಮೆಲ್ಲಗೆ ಅಂದಳು. "ನಂಗ ಮದಲಿಂದ ಗೊತ್ತಿತ್ತ ಬೇ. ಅಕ್ಕೋರ ಕಥಿನ ಚಲೋ ಇತ್ತು." ಅದರಿಂದ ಬೆಂಕಿ ಇನ್ನಷ್ಟು ಹತ್ತಿತು. ಹಾಗಾದರೆ ನೀವಿಬ್ಬರೂ ಸೇರಿ ನಮ್ಮನ್ನು ನೋಡಿ ನಗುತ್ತಿದ್ದಿರಿ ಅಂತ ಎಲ್ಲರೂ ಒಂದೇ ಸಲ ಬಾಯಿಮಾಡಿದರು. ಅಕ್ಕೋರು ನನ್ನ ಕಡೆ ನೋಡಿದರು. ಅವರ ಪರವಾಗಿ ಒಂದು ಮಾತು ಹೇಳಬಹುದಾದವಳು ಅಲ್ಲಿ ನಾನೊಬ್ಬಳೇ. ಬಸ್ಸಿನಲ್ಲಿ ದಿನಾ ನೂರು ಜನರ ಮುಂದೆ ಗಂಟಲು ಹರಿಯುವಂತೆ ಕೂಗುವ ನನಗೆ ಅವತ್ತು ಬಾಯಿ ಬಿದ್ದುಹೋಗಿತ್ತು. ನಾನು ರಿಮೋಟು ಹುಡುಕಿ ಟಿವಿ ಆರಿಸಿದೆ. ಅಷ್ಟೇ ನಾನು ಮಾಡಿದ್ದು.

ಅಲ್ಲಿಂದ ಪಡಸಾಲೆಗೆ ಯಾರೂ ಬರಲಿಲ್ಲ. ಚಾಚಿ ಕೆಲವು ದಿನ ಬಂದಳು, ಆಮೇಲೆ ಮಂಡಿನೋವಿನಿಂದ ಅವಳಿಗೂ ಹೊಸ್ತಿಲು ದಾಟುವುದು ಆಗಲಿಲ್ಲ. ನಾನು ಕಟ್ಟಿದ ವರ್ಷ ಮುಗಿಯುವುದರೊಳಗೆ ಚಂದಾ ಏರಿತು, ಆ ಧಾರಾವಾಹಿ ಬೇರೆ ಆ್ಯಪಿಗೆ ಹೋಯಿತು. ಪುಕ್ಕಟೆ ಇದ್ದದ್ದಕ್ಕೂ ದುಡ್ಡು ಬಂತು. ಹೆಂಗಸರು ಫೋನಿಗಷ್ಟೇ ಆಗುವ ಸೋವಿ ಪ್ಲ್ಯಾನು ಹಾಕಿಸಿಕೊಂಡರು, ಹತ್ತು ನಿಮಿಷಕ್ಕೊಂದು ಜಾಹೀರಾತು ಬಂದರೂ ಸುಮ್ಮನೆ ನೋಡಿದರು.

ಅಕ್ಕೋರು ಮಾತ್ರ ಆಸೆ ಬಿಡಲಿಲ್ಲ. ಪೆನ್ಶನ್ನಿನಲ್ಲಿ ಒಂದಲ್ಲ, ಮೂರು ಆ್ಯಪು ಹಾಕಿಸಿದರು. ನಾನು ಹೋದಾಗಲೆಲ್ಲ ಅದೇ ವಿಚಾರ. "ಯಲ್ಲವ್ವಗ ದೇವರ ಕಥಿ ಸೇರ್ತಾವ. ಅವು ಯಾದರಾಗ ಬರತಾವ ನೋಡು. ನಿಮ್ಮವ್ವಗ ಹಳೀ ಸಿನಿಮಾ ಬೇಕು. ಜಾಹೀರಾತ ಇಲ್ಲದ್ದ ಹಾಕ್ಸು, ರೇಟ ಹೆಚ್ಚಾದ್ರೂ ಅಡ್ಡಿಯಿಲ್ಲ. ನಡುವ ಜಾಹೀರಾತ ಬಂದ್ರ ಎದ್ದ ಹೋಗ್ತಾರ." ಎದ್ದು ಹೋಗಲು ಯಾರು ಬಂದಿದ್ದರು? ನಾನು ಹೂಂ ಅಂದು ಹೇಳಿದ್ದನ್ನು ಹಾಕಿಸಿ ಕೊಡುತ್ತಿದ್ದೆ. ಬೇಡ ಅನ್ನಲೂ ಮನಸ್ಸು ಬರಲಿಲ್ಲ. ಓಣಿಯಲ್ಲಿ ಎದುರಾದವರಿಗೆಲ್ಲ ಅಕ್ಕೋರು ಯಾವುದರಲ್ಲಿ ಏನು ಬಂದಿದೆ ಅಂತ ಹೇಳುವರು. ಜನ "ಬರ್ತೀವ್ರಿ" ಅಂದು ಮುಂದೆ ಹೋಗುವರು. ನಾನು ಅವ್ವನನ್ನು ಒಮ್ಮೆ ಕರೆದೆ. "ನೀ ಬೇಕಾರ ಹೋಗು. ನಿನ್ನ ಬಾಳ ಉದ್ಧಾರ ಮಾಡ್ಯಾಳಲ್ಲ" ಅಂದಳು.

ಕೊನೆಯ ಸಲ ಹೋದದ್ದು ಒಂದು ಮುಂಜಾನೆ, ಡ್ಯೂಟಿಗೆ ಮೊದಲು. ಅಕ್ಕೋರಿಗೆ ಕಾಲು ಬಾತಿತ್ತು, ಹಾಸಿಗೆಯಲ್ಲೇ ಇದ್ದರು. ಯಾವ ಆ್ಯಪಿನ ಮಾತೂ ತೆಗೆಯಲಿಲ್ಲ. ನನ್ನ ಖಾಕಿ ಅಂಗಿಯ ತೋಳನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಕೇಳಿದರು.

"ತಂಗಿ, ಖರೇ ಹೇಳು. ಅವರ ಕಥಿಯಾಗಿನ ಹುಡಗಿ ಸುಖದಾಗಿದ್ಲು. ನಾ ನಿನಗ ಕೆಡುಕ ಮಾಡಿದ್ನೇನ?"

ಉತ್ತರ ನನ್ನಲ್ಲಿತ್ತು. ತಿಂಗಳ ಸಂಬಳ ನನ್ನ ಕೈಗೆ ಬರುತ್ತದೆ, ನಾನು ಯಾರನ್ನೂ ಕೇಳದೆ ಹುಬ್ಬಳ್ಳಿಗೆ ಹೋಗಿಬರುತ್ತೇನೆ, ನನ್ನ ಮೇಲೆ ಯಾರೂ ಕೈ ಎತ್ತಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಹಿಂದಿನ ದಿನವೇ ಅವ್ವ ನನ್ನ ಮದುವೆಯ ಮಾತೆತ್ತಿ ಅತ್ತಿದ್ದಳು, ನನ್ನ ತಲೆಯೂ ಕೆಟ್ಟಿತ್ತು. ಬಸ್ಸಿನ ಹೊತ್ತೂ ಆಗಿತ್ತು. "ಹಂಗ್ಯಾಕಂತೀರ್ರಿ. ಬರೂ ಐತವಾರ ಬರ್ತೀನ್ರಿ, ಕುಂತ ಮಾತಾಡೂಣು" ಅಂದು ಟಿಕೆಟಿನ ಚೀಲ ಹೆಗಲಿಗೇರಿಸಿದೆ. ಅವರು "ಹೂಂನವ್ವ, ಹೋಗಿ ಬಾ" ಅಂದರು.

ಐತವಾರಕ್ಕೆ ಇನ್ನೂ ಎರಡು ದಿನ ಇರುವಾಗಲೇ ಅಕ್ಕೋರು ತೀರಿಕೊಂಡರು.

ಮಣ್ಣು ಕೊಡಲು ಓಣಿಯ ಗಂಡಸರೆಲ್ಲ ಹೋದರು. ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಯಲ್ಲವ್ವ ಅತ್ತಳು. ಅವ್ವ ಅಳಲಿಲ್ಲ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಕೂತ ಮೇಲೆ ನನಗೆ ತಡೆಯಲಾಗಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಒಳಗೆ ಇಟ್ಟುಕೊಂಡದ್ದೆಲ್ಲ ಒಂದೇ ಸಲ ಬಂತು. ಆ ಟ್ರ್ಯಾಕ್ಟರಿನವನ ಮನೆಗೆ ಹೋಗಿದ್ದರೆ ನಾನು ಸತ್ತೇ ಹೋಗುತ್ತಿದ್ದೆ, ಅಕ್ಕೋರು ಸುಳ್ಳು ಹೇಳಿ ನನ್ನನ್ನು ಉಳಿಸಿದರು, ಅವರು ನನಗೆ ಯಾವ ಕೆಡುಕನ್ನೂ ಮಾಡಲಿಲ್ಲ ಅಂತ ಅವ್ವನ ಮುಂದೆ ಅತ್ತು ಅತ್ತು ಹೇಳಿದೆ.

ಅವ್ವ ಪೂರಾ ಕೇಳಿದಳು. ಸಿಟ್ಟಾಗಲಿಲ್ಲ. "ನನ್ನ ಮುಂದ ಯಾಕ ಹೇಳ್ತಿ ಈಗ? ಆಕಿ ಮುಂದ ಹೇಳಬೇಕಿತ್ತಲ್ಲ" ಅಂದಳು.