ಕೆಂಪು ವ್ಯಾನಿನ ಮೇಲಿನ ನಾಲ್ಕು ಗುಳಿ

ಆಟದ ಕಾರನ್ನು ಮೊದಲು ಮಗುಚಿ ನೋಡಬೇಕು. ಮೇಲಿನ ಬಣ್ಣಕ್ಕೆ ಮರುಳಾಗುವವನು ಬರೀ ಗಿರಾಕಿ. ಹೊಟ್ಟೆಯಡಿ ಇಂಗ್ಲೆಂಡಿನ ಹೆಸರಿದೆಯೇ, ಚಕ್ರ ರಬ್ಬರಿನದೋ ಲೋಹದ್ದೋ, ಚಕ್ರದ ಅಚ್ಚಿನ ತುದಿಯನ್ನು ಹೇಗೆ ಬಡಿದು ಚಪ್ಪಟೆ ಮಾಡಿದ್ದಾರೆ, ಇವನ್ನೆಲ್ಲ ನೋಡಬೇಕು. ದೊಡ್ಡ ಕಂಪನಿಗಳ ಕಾರನ್ನು ಯಾರು ಬೇಕಾದರೂ ಗುರುತಿಸಿಯಾರು. ನನಗೆ ಹುಚ್ಚು ಹಿಡಿಸಿದ್ದು ಎರಡು ಮೂರು ವರ್ಷ ನಡೆದು ಬಾಗಿಲು ಮುಚ್ಚಿದ ಸಣ್ಣ ಕಾರ್ಖಾನೆಗಳು, ತಮ್ಮ ಹೆಸರನ್ನೂ ಹಾಕದೆ ಮಾರಿದಂಥವು. ಅವರ ಕಾರುಗಳು ಶ್ರೀರಂಗಪಟ್ಟಣದ ನಮ್ಮ ಬೀದಿಯ ಗುಜರಿಯಲ್ಲೂ ಕೆ.ಆರ್. ಪೇಟೆಯ ಸಂತೆಯಲ್ಲೂ ನನಗೆ ಸಿಕ್ಕಿವೆ. ಒಂದಂತೂ ನಾಗಮಂಗಲದ ಪಾತ್ರೆ ಅಂಗಡಿಯಲ್ಲಿ, ಕರಗಿಸಲು ಇಟ್ಟಿದ್ದ ಗೋಣಿಯೊಳಗಿತ್ತು. ತಾಲ್ಲೂಕು ಕಚೇರಿಯಲ್ಲಿ ಟೈಪು ಹೊಡೆದೇ ಸವೆದವನಿಗೆ ಇಷ್ಟಾದರೂ ಬೇಡವೇ? "ಮೊಮ್ಮಕ್ಳು ಆಡೋದ್ನ ತಾತ ಬೀರುಗೆ ಬೀಗ ಜಡಿದು ಮಡಿಕಂಡವ್ರೆ" ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಗಲಿ ಬಿಡಿ.

ಗುರುತು ಸಿಗದೆ ನನ್ನನ್ನು ಸತಾಯಿಸಿದ್ದು ಒಂದೇ ಒಂದು, ಬೆರಳುದ್ದದ ಕೆಂಪು ವ್ಯಾನು. ಅದು ನಮ್ಮ ಮನೆಯದೇ. ಅಪ್ಪ ಕನ್ನಂಬಾಡಿ ಕಟ್ಟೆಯ ಹತ್ತಿರ ಒಬ್ಬ ಎಂಜಿನಿಯರರ ಬಂಗಲೆಯಲ್ಲಿ ಮಾಲಿಯಾಗಿದ್ದ. ಅವರು ವರ್ಗವಾಗಿ ಹೋಗುವಾಗ ಕಸಕ್ಕೆ ಎಸೆದದ್ದನ್ನು ನನಗೆಂದು ತಂದುಕೊಟ್ಟ. ಆಗ ನನಗೆ ಏಳು, ಅಕ್ಕನಿಗೆ ಹತ್ತು, ತಮ್ಮನಿಗೆ ಆಗಷ್ಟೇ ವರ್ಷ ತುಂಬಿತ್ತು. ಅವ್ವ ಹೋದ ಮೇಲೆ ಅವಳ ಟ್ರಂಕಿನಲ್ಲಿ ಆ ವ್ಯಾನು ತಮ್ಮನ ಕುಲಾವಿಯೊಳಗೆ ಸುತ್ತಿಟ್ಟಂತೆ ಸಿಕ್ಕಿತು.

ತಮ್ಮ ಉಳಿಯಲಿಲ್ಲ. ತಿಂಗಳುಗಟ್ಟಲೆ ಅನ್ನ ಸೇರದೆ, ಹೊಟ್ಟೆ ಹಿಡಿದುಕೊಂಡು ಅತ್ತು ಅತ್ತು ಸೊರಗಿದ. ಕೊನೆಗೆ ಒಂದು ಮಧ್ಯಾಹ್ನ ಫಿಟ್ಸ್ ಬಂದು ಅಕ್ಕನ ಮಡಿಲಲ್ಲೇ ಹೋಗಿಬಿಟ್ಟ. ಅವಳ ಲಂಗದ ಮಡಿಕೆಯಲ್ಲಿ ಆಟಕ್ಕೆಂದು ಆರಿಸಿಕೊಂಡಿದ್ದ ಹರಳುಬೀಜಗಳಿದ್ದವು. ಆ ಬೀಜ ತಿಂದರೆ ವಿಷವೆಂದು ಊರಿಗೆಲ್ಲ ಗೊತ್ತು, ಅಷ್ಟೇ ಸಾಕಾಯಿತು. "ಅರಳುಬೀಜ ತಿನ್ಸಿ ಮಗೀನ ಕೊಂದ್ಬುಟ್ಲು" ಎಂದು ಅವ್ವ ಬೀದಿಗೆ ಕೇಳುವಂತೆ ಕೂಗಿದಳು. ಆ ಮಾತು ಅಕ್ಕನ ಹಿಂದೆಯೇ ಗಂಡನ ಮನೆಗೂ ಹೋಯಿತು. ಅಲ್ಲಿಯವರು ಅವಳು ಹೆತ್ತ ಮಕ್ಕಳಿಗೇ ಅವಳ ಕೈಯಿಂದ ಒಂದು ತುತ್ತು ತಿನ್ನಿಸಗೊಡಲಿಲ್ಲ. ನೆಂಟರ ಮನೆಯ ನಾಮಕರಣಗಳಲ್ಲಿ ಅಕ್ಕ ಬಾಗಿಲ ಬಳಿಯೇ ನಿಲ್ಲುತ್ತಿದ್ದಳು. ಮಗುವನ್ನು ಎತ್ತಿಕೋ ಎಂದು ಯಾರೂ ಅನ್ನುತ್ತಿರಲಿಲ್ಲ.

ಆ ವ್ಯಾನಿನ ಮೇಲೆ ನಾಲ್ಕು ಸಣ್ಣ ಗುಳಿಗಳಿದ್ದವು. ಎರಡು ತಾರಸಿಯ ಮೇಲೆ, ಎರಡು ಹೊಟ್ಟೆಯಡಿ. ಅವು ಎರಕದ ಗುರುತೇ ಇರಬೇಕು, ಆ ಕಾರ್ಖಾನೆಯವರ ಮುದ್ರೆಯೇ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬಿಬಿಟ್ಟೆ. ಭೂತಗನ್ನಡಿ ಹಿಡಿದು ಅವುಗಳ ಅಳತೆ ಬರೆದುಕೊಂಡೆ. ಅಂಥ ಗುಳಿಯಿರುವ ಇನ್ನೊಂದು ವ್ಯಾನಿಗಾಗಿ ಹಳೆಯ ಪಟ್ಟಿಗಳನ್ನೆಲ್ಲ ಜಾಲಾಡಿದೆ. ಥೂ, ನನ್ನ ವಿದ್ಯೆಗಿಷ್ಟು! ಕೊನೆಗೆ ಇಂಗ್ಲೆಂಡಿನಲ್ಲಿರುವ ಒಬ್ಬ ಮುದುಕ ಸಂಗ್ರಹಕಾರನಿಗೆ ಫೋನಿನಲ್ಲಿ ಫೋಟೋ ಕಳಿಸಿ, ಈ ಗುಳಿಗಳು ಯಾರ ಮುದ್ರೆ ಎಂದು ಕೇಳಿದೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಉತ್ತರ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂದು ಶೆಡ್ಡಿನಲ್ಲಿ ಸ್ವಲ್ಪ ಕಾಲ ಮಾಡಿದ್ದಂತೆ, ಬಹಳ ಅಪರೂಪವಂತೆ. ಅಪ್ಪಟ ಸೀಸದ್ದು, ಬಿಳಿ ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲಿನಂತೆ ಗೆರೆ ಬೀಳುತ್ತದೆ ಎಂದಿದ್ದ. ಗುಳಿಗಳು ಮುದ್ರೆಯಲ್ಲ, ಮಗುವಿನ ಹಲ್ಲು. ಸೀಸ ಮೆತ್ತಗಲ್ಲವೇ, ಇಂಥ ಗುರುತು ಎಷ್ಟೋ ಕಾರುಗಳಲ್ಲಿ ಇರುತ್ತದೆ. ಕೊನೆಯಲ್ಲಿ, ದಯವಿಟ್ಟು ಮಕ್ಕಳ ಕೈಗೆ ಕೊಡಬೇಡಿ, ವಿಷ ಎಂದು ಬರೆದಿದ್ದ.

ಕಾಗದದ ಮೇಲೆ ಉಜ್ಜಿದೆ. ಗೆರೆ ಬಿತ್ತು. ಪರಿಚಯದ ಡಾಕ್ಟರೊಬ್ಬರಿಗೆ ತಮ್ಮನ ಸಾವನ್ನು ವಿವರಿಸಿ ಕೇಳಿದೆ. ಈಗ ಖಚಿತವಾಗಿ ಹೇಳಲಾಗುವುದಿಲ್ಲ, ಆದರೆ ಹೊಟ್ಟೆನೋವು, ಸೊರಗುವುದು, ಫಿಟ್ಸು ಎಲ್ಲವೂ ಸೀಸಕ್ಕೆ ಹೊಂದುತ್ತವೆ ಎಂದರು.

ಆ ವ್ಯಾನನ್ನು ಅವನ ಬಾಯಿಗಿಟ್ಟವನು ನಾನು. ಅವ್ವ ಗದ್ದೆಗೆ ಹೋದಾಗ, ಅಕ್ಕ ನೀರಿಗೆ ಹೋದಾಗ, ಮಗುವನ್ನು ನೋಡಿಕೊಳ್ಳುವ ಪಾಳಿ ನನ್ನದು. ನನಗೋ ಗಿಲ್ಲಿದಾಂಡಿನ ಮೇಲೆ ಕಣ್ಣು. ವ್ಯಾನನ್ನು ನಾನೇ ನೆಕ್ಕಿ ನೋಡಿದ್ದೆ, ಸ್ವಲ್ಪ ಸಿಹಿಯಾಗಿತ್ತು. ಬಾಯಿಗೆ ಕೊಟ್ಟರೆ ತಮ್ಮ ತೆಪ್ಪಗೆ ಚೀಪುತ್ತಾ ಕೂರುತ್ತಿದ್ದ. ದಿನಾ ಕೊಟ್ಟೆ. ಎಂಥಾ ಉಪಾಯ ಕಂಡುಹಿಡಿದೆ ಎಂದು ಬೀಗಿದ್ದೂ ನೆನಪಿದೆ.

ಇದನ್ನು ಅಕ್ಕನಿಗೆ ಹೇಳಲೇಬೇಕಿತ್ತು. ಅವಳಿಗೆ ಎಪ್ಪತ್ತು ದಾಟಿದೆ. ಹೇಳದೆ ಸತ್ತರೆ ಅವಳ ಮೇಲಿನ ಆ ಮಾತು ಹಾಗೇ ಉಳಿಯುತ್ತದೆ. ಮರುದಿನವೇ ಪಾಂಡವಪುರದ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ತೊಣ್ಣೂರಿನ ಹತ್ತಿರವಿರುವ ಅವಳ ಊರಿಗೆ ಹೋದೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅಕ್ಕ, ತಮ್ಮ ಸತ್ತೋಗಿದ್ದು ಅರಳುಬೀಜದಿಂದ ಅಲ್ಲ ಕಣಕ್ಕ. ಆ ಕೆಂಪು ವ್ಯಾನಿಂದ. ಅದ್ರಲ್ಲಿ ಇಸ ಇತ್ತು" ಎಂದು ಆ ಮುದುಕ, ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ.

ಅಕ್ಕನ ಕೈ ನಿಂತಿತು. "ಅಂಗಾರೆ ನಾನಲ್ವಾ?"

"ನೀನಲ್ಲ."

"ಇನ್ನೊಂದ್ಸಲ ಏಳು."

"ನೀನಲ್ಲ ಕಣಕ್ಕ."

ಮೊರವನ್ನು ಪಕ್ಕಕ್ಕೆ ತಳ್ಳಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. "ಅರವತ್ ವರ್ಸ ಕಣ್ಲಾ! ನಾನೇ ತಿನ್ನಿಸ್ಬುಟ್ನೇನೋ ಅಂತ ನಂಗೇ ಅನ್ಸೋಗಿತ್ತಲ್ಲೋ" ಎಂದಳು. ಅವಳ ಬೆನ್ನು ಸವರುತ್ತಾ ನಾನೂ ಅತ್ತೆ. ಆಮೇಲೆ ಅವಳು ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು.

"ಅದ್ನ ಮಗೀನ್ ಬಾಯಿಗೆ ಕೊಟ್ಟೋರ್ ಯಾರ್ಲಾ?"

ನಾನು ಕಣಕ್ಕ ಎಂದು ಹೇಳಬೇಕೆಂದು ಬಸ್ಸಿನುದ್ದಕ್ಕೂ ಉರು ಹೊಡೆದುಕೊಂಡೇ ಬಂದಿದ್ದೆ.

"ಅವ್ವ" ಅಂದೆ.

ಅಕ್ಕ ಬೈಯಲಿಲ್ಲ. ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. "ಪಾಪ, ಅವ್ಳಿಗೇನ್ ಗೊತ್ತಿತ್ತು ಬುಡು. ಅಳೋ ಮಗ, ಕೊಟ್ಟವ್ಳೆ. ಬೇಕಂತ ಕೊಟ್ಟಾಳಾ?" ಎಂದಳು. ಅಷ್ಟು ಸಲೀಸಾಗಿ ಮನ್ನಿಸಿಬಿಟ್ಟಳು. ನಿಜ ಹೇಳಿದ್ದರೆ ಆ ಮಾತು ನನಗೇ ಸಿಗುತ್ತಿತ್ತು. ನಾಚಿಕೆಗೆಟ್ಟವನು ನಾನು, ಅವರೆಕಾಳಿನ ಸಾರು ಉಂಡು ಸಂಜೆ ಬಸ್ಸಿಗೆ ಬಂದೆ.

ಹೋದ ವಾರ ಅಕ್ಕ ಫೋನು ಮಾಡಿದ್ದಳು. ಈ ಸಲ ಮಾರ್ನಮಿಯ ಹಿರಿಯರ ಹಬ್ಬದಲ್ಲಿ ಅವ್ವನಿಗೆ ಎಡೆ ಇಡುವ ದಿನ ಬರುತ್ತಾಳಂತೆ. "ಮಗೀಗೆ ಅದ್ನ ಕೊಟ್ಟೋಳು ಅವ್ವ, ಆದ್ರೂ ನಂಗೆ ಅವಳ ಮ್ಯಾಲೆ ಸಿಟ್ಟಿಲ್ಲ ಅಂತ ಎಲ್ಲರ್ ಮುಂದೂ ಏಳ್ಬುಡ್ತೀನಿ ಕಣ್ಲಾ" ಎಂದಳು. ಅವಳ ದನಿಯಲ್ಲಿ ಅಂಥ ಗೆಲುವನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಬಾ ಅಕ್ಕ" ಅಂದೆ.