ವೈನಿಯ ಬೆನ್ನಿಗೊಂದು ಹೆಸರು

ಟಿ-ಶರ್ಟಿನ ಮೇಲೆ ಬರೆದದ್ದನ್ನು ಓದದೆ ಬಿಡುವುದು ನನ್ನಿಂದಾಗದ ಕೆಲಸ. ಸಂಜೆ ಕಾರವಾರದ ಕಡಲತೀರಕ್ಕೆ ಹೋದರೆ ಎಲ್ಲರೂ ಮುಳುಗುವ ಸೂರ್ಯನನ್ನು ನೋಡುತ್ತಾರೆ, ನಾನು ಎದುರು ಬರುವವರ ಎದೆ ಓದುತ್ತೇನೆ. ಓದಿ ಮುಗಿಯುವ ಮೊದಲೇ ಅವರು ದಾಟಿಹೋದರೆ ತಿರುಗಿ ನೋಡುತ್ತೇನೆ. ಬೆನ್ನಿನ ಮೇಲೆ ಮುಂದುವರಿದಿದ್ದರೂ ಇರಬಹುದು. ಐವತ್ತು ದಾಟಿದ ಗಣಿತದ ಟೀಚರಿಗೆ ಇದು ಶೋಭೆಯಲ್ಲ, ಗೊತ್ತು. ಆದರೆ ‘ಜಗತ್ತು ಸುತ್ತುವುದೇ ನನ್ನ ಗುರಿ’ ಎಂದು ಇಂಗ್ಲಿಷಿನಲ್ಲಿ ಬರೆದ ಅಂಗಿ ತೊಟ್ಟ ಹಿರಿಯರೊಬ್ಬರು ದಿನಾಲೂ ಅದೇ ಕಲ್ಲುಬೆಂಚಿನ ಮೇಲೆ ಕೂತಿರುವಾಗ ಓದದೆ ಹೇಗಿರಲಿ?

ಓದುವ ಚಟವಿದ್ದವಳು ಬರೆಯಲೂ ಇಳಿದದ್ದು ನನ್ನ ವೈನಿಯಿಂದ. ವೈನಿ ಎಂದರೆ ಅಣ್ಣನ ಹೆಂಡತಿ. ಅಂಕೋಲೆಯ ಹತ್ತಿರ ಭಾವಿಕೇರಿಯಲ್ಲಿ ಅವರ ಮನೆ, ಗದ್ದೆ. ಭತ್ತದ ಸಸಿ ನೆಡುವ ನೆಟ್ಟಿಯ ಕೆಲಸಕ್ಕೆ ಜೊತೆಯಾಗುವವರು, ವೈನಿಯೂ ಸೇರಿ ಎಂಟು ಹೆಂಗಸರು, ಹಗ್ಗಜಗ್ಗಾಟದ ತಂಡ ಕಟ್ಟಿದ್ದಾರೆ. ಒಂದು ದಿನ ವೈನಿಯ ಫೋನು ಬಂತು.

“ಹೋದ್ಸಲ ಎದುರಿನವ್ರೆಲ್ಲ ಒಂದೇ ನಮ್ನಿ ಅಂಗಿ ಹಾಕ್ಕಂಡಿ ಬಂದಿದ್ರು ಮಾರಾಯ್ತಿ. ನಾವು ಒಬ್ಬೊಬ್ರು ಒಂದೊಂದು ಬಣ್ಣ. ಹಗ್ಗ ಮುಟ್ಟೂಕೆ ಮೊದ್ಲೇ ಸೋತಂಗೆ ಕಂಡ್ತು. ಫೋನಲ್ಲೇ ಅಂಗಿ ಮಾಡಸೂಕೆ ಬರ್ತದಂತೆ. ನೀ ಕಲ್ತವ್ಳು, ನೋಡು.”

ಸೀರೆಯ ಮೇಲೆ ಟಿ-ಶರ್ಟೇ ಎಂದು ಕೇಳಿದ್ದಕ್ಕೆ ನಕ್ಕರು. ಗಂಡನ ಹಳೇ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡೇ ಮಳೆಗಾಲವೆಲ್ಲ ಗದ್ದೆಯಲ್ಲಿ ಬಗ್ಗುವವರು ಅವರು. ಈ ಸಲ ಅಂಗಿ ತಮ್ಮದೇ ಆಗಬೇಕು, ಅಷ್ಟೇ.

ಭಾನುವಾರ ಬೆಳಿಗ್ಗೆ ಕಾರವಾರದ ಹಬ್ಬುವಾಡದ ನನ್ನ ಮನೆಯಲ್ಲಿ ಕೂತು ಅಂಗಿ ಮುದ್ರಿಸಿಕೊಡುವ ಜಾಲತಾಣ ತೆರೆದೆ. ಒಳಗೆ ಮನುಷ್ಯರಿಲ್ಲದ ಬಿಳಿ ಅಂಗಿಯೊಂದು ತೆರೆಯ ಮೇಲೆ ತೇಲುತ್ತಿತ್ತು. ಒತ್ತಿದರೆ ಬಣ್ಣ ಬದಲು, ಬೆರಳಲ್ಲಿ ಎಳೆದರೆ ಚಿತ್ರ ದೊಡ್ಡದು. ಒಲೆಯ ಮೇಲಿನ ಸಾರು ಉಕ್ಕಿ ಹರಿದದ್ದೂ ತಿಳಿಯಲಿಲ್ಲ, ಅಷ್ಟು ಹುರುಪು. ಎದೆಗೆ ಏಡಿಯ ಚಿತ್ರ ಆರಿಸಿದೆ. “ಏಡಿ ಅಡ್ಡ ಹೋಗ್ತದಲ್ಲೇ” ಎಂದು ವೈನಿ ಫೋನಿನಲ್ಲೇ ತಕರಾರು ತೆಗೆದರು. ಅಡ್ಡ ಹೋದರೂ ಅದು ಹಿಡಿದದ್ದನ್ನು ಬಿಡುವುದಿಲ್ಲ ಎಂದು ಒಪ್ಪಿಸಿದೆ.

ಪೇಚಾಟ ಶುರುವಾದದ್ದು ಕನ್ನಡದಲ್ಲಿ. ‘ಹಗ್ಗದ ಪಡೆ’ ಎಂದು ತಂಡದ ಹೆಸರು ಬರೆದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಮುನಿಸಿಕೊಂಡು ನಿಂತಿತು. ಇಂಗ್ಲಿಷ್ ಅಕ್ಷರಗಳು ಬಸ್ಸಿಗೆ ಕಾಯುವವರಂತೆ ಸಾಲಾಗಿ ನಿಲ್ಲುತ್ತವೆ. ನಮ್ಮವು ಒಂದೇ ಚಾಪೆಯ ಮೇಲೆ ಕಾಲಡಿ ತಲೆಯಡಿ ನುಸುಳಿ ಮಲಗುವ ಮಕ್ಕಳು. ಆ ಯಂತ್ರಕ್ಕೆ ಮಕ್ಕಳನ್ನು ಮಲಗಿಸಿ ಗೊತ್ತಿರಲಿಲ್ಲ. ಕೊನೆಗೆ ಬಿಳಿ ಕಾಗದದ ಮೇಲೆ ನಾನೇ ದುಂಡಗೆ ಬರೆದು, ಫೋಟೋ ತೆಗೆದು, ಅದನ್ನೇ ಅಂಗಿಗೆ ಏರಿಸಿದೆ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಒರೆಸಿದ ಅಕ್ಷರ ಮೊದಲ ಸಲ ಅಳಿಯದ ಜಾಗದಲ್ಲಿ ಕೂತಿತು. ನನ್ನಷ್ಟಕ್ಕೆ ನಾನೇ ಬೀಗಿದೆ.

ಇನ್ನು ಬೆನ್ನಿಗೆ ಹೆಸರುಗಳು. ಒಬ್ಬೊಬ್ಬರಾಗಿ ಹೇಳಿದರು, ಬರೆದುಕೊಂಡೆ. ವೈನಿಯದ್ದು ಕೇಳುವುದೇನಿದೆ ಎಂದು ‘ಸುಮಿತ್ರಾ’ ಎಂದು ಬರೆದು ಕಳಿಸಿದೆ.

“ಅದನ್ನ ಅಳಿಸು,” ಎಂದರು ಫೋನಿನಲ್ಲಿ. “ತಾರಾ ಅಂತ ಹಾಕು.”

“ತಾರಾ ಯಾರು?”

“ನಾನೇ. ಮದ್ವೆ ದಿನ ನಿನ್ನ ಅಣ್ಣ ಅಕ್ಕಿ ಮೇಲೆ ಸುಮಿತ್ರಾ ಅಂತ ಬರದ್ರಲ್ಲ, ಅಲ್ಲೀವರಿಗೆ ತಾರಾನೇ.”

ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವುದು ನಮ್ಮಲ್ಲಿ ನಡೆದುಬಂದದ್ದು. ಆ ಅಕ್ಕಿಯ ತಟ್ಟೆ, ಅದರಲ್ಲಿ ಅಣ್ಣನ ಉಂಗುರದ ಬೆರಳು ಓಡಿದ್ದು ನನಗೂ ನೆನಪಿದೆ. ಆ ಹೆಸರಿನ ಅಡಿಯಲ್ಲಿ ಇನ್ನೊಂದು ಹೆಸರು ಇಷ್ಟು ವರ್ಷ ಸುಮ್ಮನೆ ಕೂತಿತ್ತು. ಅಣ್ಣ ಏನನ್ನುತ್ತಾನೋ ಎಂದೆ.

“ಅವ್ರಿಗೆ ಈಗ ಹೇಳ್ಬೇಡ. ಅವ್ರೇ ಓದ್ಲಿ.”

ಪಂದ್ಯದ ದಿನ ಅಂಕೋಲೆಯ ಮೈದಾನಕ್ಕೆ ಹೋದೆ. ಸೀರೆಯನ್ನು ಎತ್ತಿ ಕಟ್ಟಿ, ಮೇಲೆ ನೀಲಿ ಅಂಗಿ ತೊಟ್ಟು ಎಂಟೂ ಜನ ಸಾಲಾಗಿ ಬಂದಾಗ ಜನ ಮಾತು ನಿಲ್ಲಿಸಿ ನೋಡಿದರು. ಹಗ್ಗದ ಕೊನೆ ಸೊಂಟಕ್ಕೆ ಸುತ್ತಿಕೊಂಡು ವೈನಿ ನಮಗೆ ಬೆನ್ನು ಮಾಡಿ ನಿಂತರು. ನನ್ನ ಪಕ್ಕದಲ್ಲಿದ್ದ ಅಣ್ಣ ಬೆನ್ನಿನ ಹೆಸರು ಓದಿದ. ಮತ್ತೆ ಓದಿದ. ನಾನು ಅವನ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಮೊದಲ ಎಳೆತ ನಮ್ಮವರದ್ದಾಯಿತು. ಎರಡನೆಯದರಲ್ಲಿ ಎದುರಿನವರು ಬಿಗಿ ಹಿಡಿದರು. ವೈನಿಯ ಹಿಮ್ಮಡಿ ಮಣ್ಣಿನಲ್ಲಿ ಜಾರತೊಡಗಿತು. ಆಗ ಅಣ್ಣ ಗೆರೆಯ ತನಕ ಓಡಿ, ಗಂಟಲು ಹರಿಯುವಂತೆ ಕೂಗಿದ: “ಎಳಿಯೇ ತಾರಾ, ಎಳಿ!”

ವೈನಿಗೆ ನಗು ಬಂತು. ತಡೆಯಲಾಗದ ನಗು. ಹಗ್ಗ ಸಡಿಲಾಗಿ ಎಂಟೂ ಜನ ಮುಂದಕ್ಕೆ ಮುಗ್ಗರಿಸಿ, ಆ ಎಳೆತ ಕೈತಪ್ಪಿತು. ವೈನಿ ಮಣ್ಣು ಕೊಡವಿಕೊಂಡು ಎದ್ದು ಅಣ್ಣನ ಹತ್ತಿರ ಬಂದರು.

“ಕರೀರಿ, ಬೇಡ ಅನ್ನೂದಿಲ್ಲ. ಆಟ ಮುಗುದ್ಮೇಲೆ ಕರೀರಿ.”

ಮೂರನೆಯದು ಮುಗಿಯುವ ತನಕ ಅಣ್ಣ ಬಾಯಿಗೆ ಟವೆಲ್ಲು ಒತ್ತಿಕೊಂಡು ನಿಂತಿದ್ದ. ನಮ್ಮವರೇ ಗೆದ್ದರು. ಆಮೇಲೆ ಕರೆದ, ಒಂದೇ ಸಲವಲ್ಲ, ಕಬ್ಬಿನ ಹಾಲಿನ ಅಂಗಡಿಯ ತನಕವೂ.